ಸಿಲೋನಿಗೆ ಒಯ್ದ ಮೂರು ಜೊತೆ ಬಟ್ಟೆ

ಶಿರಂಗಾಲ, ಹೊರಡುವ ಮುಂಚೆ

ಸಿಲೋನಿಗೆ ಹೋಗಿ ಬಂದ ಮೇಲೆ ಊರಿನಲ್ಲಿ ಸಿಕ್ಕಿದವರೆಲ್ಲ ನನ್ನನ್ನು ಕೇಳಿದ್ದು ಎರಡೇ ಮಾತು: ಟಿಕೆಟ್ಟಿಗೆ ಎಷ್ಟಾಯಿತು, ಹಡಗಿನಲ್ಲಿ ವಾಂತಿ ಬಂತೇ. ಎರಡಕ್ಕೂ ಉತ್ತರ ನನ್ನ ದಿನಚರಿಯಲ್ಲಿದೆ. ಬೇಕಾದವರು ಮನೆಗೆ ಬಂದರೆ ಓದಿ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದು ನಾನು ಕಟ್ಟಿಕೊಂಡು ಹೋದ ಬಟ್ಟೆಗಳ ವಿಷಯ. ಆ ಪಯಣದಲ್ಲಿ ನಡೆದದ್ದೆಲ್ಲ ಅವುಗಳ ಮೇಲೆಯೇ ನಡೆಯಿತು.

ನನ್ನ ಅಣ್ಣ ಮಲ್ಲಪ್ಪ ಸುಂಟಿಕೊಪ್ಪದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಅಲ್ಲಿನ ದೊರೆ ಸಿಲೋನಿನ ಟೀ ತೋಟವೊಂದಕ್ಕೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋದ. ಅಣ್ಣ ಎರಡು ವರ್ಷಕ್ಕೊಮ್ಮೆ ಸುಗ್ಗಿಯ ಹೊತ್ತಿಗೆ ಬಂದು ಹೋಗುತ್ತಿದ್ದ. ಹೋದ ಮಳೆಗಾಲದ ಹಿಂದಿನ ಮಳೆಗಾಲದಲ್ಲಿ ತೋಟದಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಕಾಗದ ಬಂತು. ಜ್ವರ ಬಂದು ತೀರಿಕೊಂಡ, ತೋಟದಲ್ಲೇ ಮಣ್ಣು ಮಾಡಿದೆವು ಎಂದಿತ್ತು. ನಾನು ಅವ್ವನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. ಆಮೇಲೆ ಕೇಳಿದಳು:

"ಕೂರಿಸಿದರಂತಾ, ಮಲಗಿಸಿದರಂತಾ?"

"ಅದು ಬರೆದಿಲ್ಲ ಅವ್ವ."

"ಲಿಂಗ ಕೈಯಲ್ಲಿ ಇಟ್ಟರಂತಾ?"

"ಅದೂ ಬರೆದಿಲ್ಲ."

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಳ್ಳಿರಿಸಿ, ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಹಾಕಿ ಮಣ್ಣು ಕೊಡುತ್ತೇವೆ. ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿನೊಳಗೂ ಜೊತೆಗಿರಬೇಕು. ಅದನ್ನೆಲ್ಲ ಸಿಲೋನಿನಲ್ಲಿ ಯಾರು ತಿಳಿದಿರುತ್ತಾರೆ? ಅವ್ವ ಅಂದಿನಿಂದ ರಾತ್ರಿಯ ಊಟ ಬಿಟ್ಟಳು. ಕೇಳಿದರೆ, "ಅವನು ಹೆಂಗಿದಾನೋ ಗೊತ್ತಾಗಲಿ, ಉಣ್ತೀನಿ" ಎನ್ನುತ್ತಿದ್ದಳು. ಎರಡು ಪ್ರಶ್ನೆಗೆ ಉತ್ತರ ತರಲೆಂದು ಈ ಸಲದ ಸುಗ್ಗಿ ಮುಗಿದ ಮೇಲೆ ನಾನು ಹೊರಟೆ.

ಪಯಣಕ್ಕೆ ಬಟ್ಟೆ ಕಟ್ಟುವುದನ್ನು ನನಗೆ ಕಲಿಸಿದವನೂ ಅಣ್ಣನೇ. ಅವನು ಉಡುತ್ತಿದ್ದುದು ಒಂದೇ ಬಗೆ: ಬಿಳಿ ಪಂಚೆ, ಕುತ್ತಿಗೆ ಮುಚ್ಚುವ ಬಿಳಿಯ ತುಂಬುತೋಳಿನ ಅಂಗಿ, ಚಳಿಗೆ ಒಂದು ಕರಿ ಕೋಟು. ಒಂದು ಜೊತೆ ಮೈಮೇಲೆ, ಇನ್ನೊಂದು ಒಣಗುವ ಹಗ್ಗದ ಮೇಲೆ. ಬೆಳಿಗ್ಗೆ ಎದ್ದು ಏನು ಹಾಕಿಕೊಳ್ಳಲಿ ಎಂದು ಯೋಚಿಸುವ ಕೆಲಸವಿಲ್ಲ, ಕಳೆದರೆ ಹುಡುಕುವುದು ಸುಲಭ, ಮೂರನೆಯದು ಬರೀ ಹೊರೆ ಎನ್ನುತ್ತಿದ್ದ. ಅಂಗಿಯ ಎಡಗಡೆ ಎದೆಯ ಮೇಲೆ ಒಳಜೇಬೊಂದನ್ನು ಅವನೇ ಹೇಳಿ ಹೊಲಿಸಿದ್ದ. ಲಿಂಗದ ಬೆಳ್ಳಿ ಕರಡಿಗೆ ಅದರೊಳಗೆ ಕೂರುತ್ತದೆ. ತೋಟದ ಇಳಿಜಾರಿನಲ್ಲಿ ಬಗ್ಗಿದರೂ ತೂಗಾಡುವುದಿಲ್ಲ. ನನಗೆ ಅದು ಹಿಡಿಸಿ ನಾನೂ ಅದನ್ನೇ ಹಿಡಿದೆ. ನಮ್ಮಿಬ್ಬರದೂ ಒಂದೇ ಎತ್ತರ, ಒಂದೇ ಮೈ. ಫ್ರೇಸರ್‌ಪೇಟೆಯ ದರ್ಜಿ ಇಮಾಮ್ ಸಾಬಿ ಒಬ್ಬನ ಅಳತೆಯಲ್ಲೇ ಇಬ್ಬರಿಗೂ ಕತ್ತರಿಸುತ್ತಿದ್ದರು.

ಈ ಸಲ ಎರಡು ಜೊತೆ ಹೊಲಿಸಲು ಹೋದಾಗ ಅವರು ಟೇಪನ್ನು ಕೊರಳಿನಿಂದ ತೆಗೆಯಲೂ ಇಲ್ಲ. "ಮದುವೆಗೂ ಇದೇ ಅಂಗೀನಾ ಚೆನ್ನಪ್ಪ? ಕಾಂಪೌಂಡರ್ ಬಂದ ಅಂತ ಹೆಣ್ಣಿನ ಕಡೆಯವರೆಲ್ಲ ನಾಲಿಗೆ ಚಾಚಿಕೊಂಡು ನಿಲ್ತಾರೆ ನೋಡು" ಎಂದರು. ಆಮೇಲೆ ಎಲ್ಲಿಗೆ ಹೋಗುತ್ತಿದ್ದೇನೆಂದು ಕೇಳಿದರು. ಒಳಜೇಬಿಗೆ ಎರಡು ಸಾಲು ಹೊಲಿಗೆ ಹಾಕಿದರು.

ಅವ್ವನಿಗೆ ನನ್ನ ಗಂಟು ನೋಡಿ ಸಮಾಧಾನವಾಗಲಿಲ್ಲ. "ಆ ಗೀಟಿನ ಅಂಗಿ ಇಟ್ಕೊ, ಜರಿ ರುಮಾಲು ಇಟ್ಕೊ. ಸಮುದ್ರ ದಾಟಿ ಹೋಗಿ ದಿನಾ ಒಂದೇ ಅಂಗೀಲಿ ನಿಂತರೆ ಗತಿಗೆಟ್ಟವರು ಅಂತಾರೆ."

"ಅಣ್ಣ ದಿನಾ ಒಂದೇ ಥರದ್ದೇ ಹಾಕ್ತಿದ್ದನಲ್ಲ ಅವ್ವ."

ಅವಳು ಮಾರನೆಯ ದಿನ ಪೆಟ್ಟಿಗೆಯಿಂದ ಮೂರನೆಯ ಜೊತೆಯೊಂದನ್ನು ತೆಗೆದು ತಂದಳು. ಅಣ್ಣ ಬರುತ್ತಾನೆಂದು ಹೊಲಿಸಿ ಇಟ್ಟದ್ದು, ಮಡಿಕೆ ಬಿಚ್ಚಿರಲಿಲ್ಲ. "ಇದು ನಿನ್ನದಲ್ಲ, ಅವನದು. ಅವನ ಮಣ್ಣಿನ ಮೇಲೆ ಹೊದಿಸಿ ಬಾ" ಎಂದು ವಿಭೂತಿ ಗಟ್ಟಿಯೊಂದನ್ನು ಇಟ್ಟು ಮೇಣಬಟ್ಟೆಯಲ್ಲಿ ಸುತ್ತಿದಳು. ನನ್ನ ಬಟ್ಟೆಗಳನ್ನು ಹೊಸ ಕೆಂಪು ವಸ್ತ್ರವೊಂದರಲ್ಲಿ ಕಟ್ಟಿಕೊಟ್ಟಳು. ಕೆಂಪು ಶುಭವೆಂದು.

ಮಂಡಪಂ

ಸಿಲೋನಿಗೆ ಹೋಗುವ ಬಡ ಪ್ರಯಾಣಿಕರನ್ನೆಲ್ಲ ತಮಿಳು ಕಡಲತೀರದ ಮಂಡಪಂ ಕ್ಯಾಂಪಿನಲ್ಲಿ ಇಳಿಸಿಕೊಂಡು ಕೆಲವು ದಿನ ಇರಿಸುತ್ತಾರೆ. ಕಾಲರಾ, ಸಿಡುಬು ಸಮುದ್ರ ದಾಟಬಾರದೆಂದು ಈ ಏರ್ಪಾಡು. ಸುತ್ತಲೂ ಮರಳು, ನೆರಳಿಗೆಂದು ತಾಳೆಮರ. ನಮ್ಮ ಹಾರಂಗಿ ಹೊಳೆಯ ನೀರು ಕುಡಿದವನಿಗೆ ಅಲ್ಲಿನ ಬಾವಿಯ ನೀರು ಬಾಯಿಗೆ ಹೋದರೂ ಗಂಟಲಿಗೆ ಇಳಿಯುವುದಿಲ್ಲ.

ಉಟ್ಟ ಬಟ್ಟೆಗಳನ್ನೆಲ್ಲ ಅಲ್ಲಿ ಹಬೆಯ ಪೆಟ್ಟಿಗೆಗೆ ಹಾಕುತ್ತಾರೆ. ನಾವು ಸಾಲಾಗಿ ತುಂಡು ಬಟ್ಟೆಯಲ್ಲಿ ನಿಂತೆವು. ಗಂಟು ಪರೀಕ್ಷೆ ಮಾಡುತ್ತಿದ್ದ ಗುಮಾಸ್ತ ಸೇಲಂ ಕಡೆಯ ತಮಿಳಿನವನು. ಕನ್ನಡವನ್ನು ಚೆನ್ನಾಗಿ ಆಡುತ್ತಿದ್ದ. ಮೇಣಬಟ್ಟೆಯ ಗಂಟನ್ನು ಬಿಚ್ಚಿಸಿ ನೋಡಿ, "ಇದು ಯಾರೂ ತೊಟ್ಟಿಲ್ಲ, ಹೊಸದು" ಎಂದು ಬಿಟ್ಟುಬಿಟ್ಟ. ಮೈಮೇಲಿನದೂ ಸೇರಿ ನನ್ನ ಎರಡು ಜೊತೆಗಳು ಕೆಂಪು ವಸ್ತ್ರದಲ್ಲಿ ಒಟ್ಟಿಗೇ ಕಟ್ಟಿಕೊಂಡು ಒಳಗೆ ಹೋದವು. ಆಮೇಲೆ ಅವನು ನನ್ನ ಕೊರಳು ನೋಡಿದ.

"ಅದೇನು, ತಾಯಿತವಾ? ಬಿಚ್ಚಿ ಈ ತಟ್ಟೆಗೆ ಹಾಕು. ಆಮೇಲೆ ಕೊಡ್ತೀವಿ."

"ಬಿಚ್ಚುವ ಹಾಗಿಲ್ಲ ಸ್ವಾಮಿ."

"ಎಲ್ಲರೂ ಬಿಚ್ಚಿದ್ದಾರಪ್ಪ."

"ಅವರದು ತಾಯಿತ. ಇದು ಲಿಂಗ. ಇದು ಹೋದರೆ ನಾನು ಹೋದ ಹಾಗೆ."

ಅವನು ನನ್ನ ಮುಖ ನೋಡಿದ. ಹಿಂದಿನ ಸಾಲಿನವರು ಗೊಣಗುತ್ತಿದ್ದರು. ಕೊನೆಗೆ ಔಷಧಿಯ ನೀರಿನಲ್ಲಿ ಅದ್ದಿದ ಹತ್ತಿಯನ್ನು ನನ್ನ ಕೈಗೇ ಕೊಟ್ಟು, "ನೀನೇ ಒರೆಸಿಕೊ" ಎಂದ. ಅಷ್ಟಕ್ಕೆ ಮುಗಿಯಿತು. ಕೇಳಿದವರಿಗೆ ಹೇಳಲು ನನಗೆ ಬಾಯಿತ್ತು. ಸತ್ತ ಅಣ್ಣನ ಕೊರಳಿಗೆ ಯಾರಾದರೂ ಕೈ ಹಾಕಿದಾಗ ಹೇಳುವವರು ಯಾರಿದ್ದರು ಎಂದು ಅಲ್ಲಿ ಮೊದಲ ಸಲ ಯೋಚನೆ ಬಂತು.

ಬಟ್ಟೆ ಮರಳಿ ಬಂದಾಗ ಬಿಸಿಯಾಗಿತ್ತು, ಕೆಂಪಾಗಿತ್ತು. ಅವ್ವನ ಹೊಸ ವಸ್ತ್ರ ಹಬೆಯಲ್ಲಿ ಬಣ್ಣ ಬಿಟ್ಟಿತ್ತು. ಒಂದೇ ಸಮನಾಗಿ ಬಿಟ್ಟಿದ್ದರೆ ಗುಲಾಬಿ ಅಂಗಿ ಎಂದುಕೊಳ್ಳಬಹುದಿತ್ತು. ಅಲ್ಲಲ್ಲಿ ಕಲೆ ಕಲೆಯಾಗಿ, ಎದೆ ಮತ್ತು ತೋಳಿನಲ್ಲಿ ದಟ್ಟವಾಗಿ, ಕುರಿ ಕಡಿದು ಬಂದವನ ಬಟ್ಟೆಯ ಹಾಗಿತ್ತು. ಎರಡು ದಿನ ತಿಕ್ಕಿದೆ, ಹೋಗಲಿಲ್ಲ. ಎರಡು ಜೊತೆಯೂ ಒಂದೇ ಥರ ಕೆಟ್ಟಿದ್ದರಿಂದ ಅಣ್ಣನ ಕ್ರಮ ಮಾತ್ರ ತಪ್ಪಲಿಲ್ಲ.

ಹಡಗು, ರೈಲು

ಧನುಷ್ಕೋಟಿಯಿಂದ ಹಡಗು ಹತ್ತಿದರೆ ತಲೈಮನ್ನಾರಿಗೆ ದೂರವೇನಿಲ್ಲ. ಮಧ್ಯಾಹ್ನದ ನಿದ್ದೆ ಸ್ವಲ್ಪ ಉದ್ದವಾದರೆ ಎದ್ದಾಗ ಪರದೇಶ. ನನ್ನ ಪಕ್ಕದಲ್ಲಿ ಕೊಲಂಬೊದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮಧುರೆಯ ಮುದುಕರೊಬ್ಬರು ಕೂತಿದ್ದರು. ಅವರ ಪೆಟ್ಟಿಗೆಗಳನ್ನು ಎತ್ತಿಡಲು ಇಬ್ಬರು ಆಳು ಬೇಕಾಯಿತು. ನನ್ನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಮುರುಕು ಕನ್ನಡದಲ್ಲಿ, "ತಂಬಿ, ಹೊಡೆದಾಟವಾ?" ಎಂದರು. ಬಣ್ಣ ಎಂದೆ. "ಬೇರೆ ಇಲ್ಲವಾ?" ಇದೆ, ಅದೂ ಹೀಗೇ ಎಂದೆ. ಅವರು ತಮ್ಮ ಪೆಟ್ಟಿಗೆಗಳ ಕಡೆಗೂ ನನ್ನ ಗಂಟಿನ ಕಡೆಗೂ ನೋಡಿ ಬಹಳ ಹೊತ್ತು ಮರುಕಪಟ್ಟರು. ದಾರಿಯಲ್ಲಿ ಅಂಗಿಯ ಬಗ್ಗೆ ವಿಚಾರಿಸಿದವರಿಗೆಲ್ಲ ದಿನಚರಿಯಲ್ಲಿ ಒಂದೊಂದು ಗೀಟು ಹಾಕುತ್ತಿದ್ದೆ. ಆ ಪುಟ ತುಂಬಿ ಮುಂದಿನ ಪುಟಕ್ಕೆ ಹೋಯಿತು.

ಸಿಲೋನಿನ ರೈಲಿನಲ್ಲಿ ಜನ ಮೆತ್ತಗೆ ಮಾತಾಡುತ್ತಾರೆ. ವಯಸ್ಸಾದ ಸಿಂಹಳ ಗಂಡಸರು ಕೂದಲನ್ನು ಗಂಟು ಕಟ್ಟಿ ನೆತ್ತಿಗೆ ಬಾಗಿದ ಬಾಚಣಿಗೆ ಸಿಕ್ಕಿಸಿಕೊಳ್ಳುತ್ತಾರೆ. ಸೊಂಟಕ್ಕೆ ಪಂಚೆಯನ್ನು ಸುತ್ತಿ ಬಿಗಿಯುತ್ತಾರೆ, ಕಚ್ಚೆ ಇಲ್ಲ. ಚಹಾಕ್ಕೆ ಬೆಲ್ಲ ಹಾಕುವುದಿಲ್ಲ. ಬೆಲ್ಲದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಸಲ ಅದನ್ನು ಕಚ್ಚುತ್ತಾರೆ, ಒಂದು ಗುಟುಕು ಚಹಾ ಕುಡಿಯುತ್ತಾರೆ. ಒಬ್ಬ ಹೆಂಗಸು ತನ್ನ ಬೆಲ್ಲವನ್ನು ಮುರಿದು ನನಗೂ ಕೊಟ್ಟಳು. ಅವಳೊಬ್ಬಳು ಅಂಗಿಯ ವಿಷಯ ಕೇಳಲಿಲ್ಲ.

ರೈಲು ಬೆಟ್ಟ ಹತ್ತಿದ ಮೇಲೆ ಚಳಿ ಶುರುವಾಯಿತು. ಮಂಜು, ಜಿನುಗು ಮಳೆ, ಎಲ್ಲ ಮಡಿಕೇರಿಯದೇ. ಆದರೆ ನಮ್ಮ ಕಾಫಿ ಮರದ ನೆರಳಿನೊಳಗೆ ಅಡಗಿರುತ್ತದೆ. ತೋಟದ ಪಕ್ಕದಲ್ಲೇ ಹೋದರೂ ಒಳಗೆ ಯಾರಿದ್ದಾರೆಂದು ತಿಳಿಯುವುದಿಲ್ಲ. ಅಲ್ಲಿನ ಟೀ ಬಯಲಿಗೆ ಬಿದ್ದುಕೊಂಡಿದೆ. ಎದುರು ಗುಡ್ಡದಲ್ಲಿ ನಿಂತ ಮನುಷ್ಯ, ಅವನ ಬಟ್ಟೆಯ ಬಣ್ಣ, ಎಲ್ಲವೂ ಕಾಣುತ್ತದೆ. ಅಣ್ಣ ಹಾಗೆ ಕಾಣುತ್ತ ಆರು ವರ್ಷ ನಿಂತಿದ್ದ.

ತೋಟ, ಮೊದಲ ದಿನ

ತೋಟದ ಔಷಧಿ ಮನೆಯಲ್ಲಿ ಕೆಲಸಕ್ಕಿದ್ದ ಸಂಜೀವಣ್ಣ ಪುತ್ತೂರಿನ ಕಡೆಯವರು, ಮನೆಮಾತು ತುಳು. ಇಡೀ ತೋಟದಲ್ಲಿ ಅಣ್ಣನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಅಣ್ಣ ಊರಿಗೆ ಬಂದಾಗಲೆಲ್ಲ ಅವರ ಹೆಸರು ಹೇಳುತ್ತಿದ್ದ. ನಾನು ಬಾಗಿಲಲ್ಲಿ ನಿಂತದ್ದೇ ಅವರು ಹೆಸರನ್ನೂ ಕೇಳದೆ ಹತ್ತಿ, ಬ್ಯಾಂಡೇಜು ತೆಗೆದುಕೊಂಡು ಓಡಿಬಂದರು.

"ಕೂತ್ಕೊಳ್ಳಿ ಮಾರಾಯ್ರೆ, ಮೊದಲು ಕೂತ್ಕೊಳ್ಳಿ. ಎಲ್ಲಿ ಪೆಟ್ಟಾದ್ದು?"

"ಪೆಟ್ಟಲ್ಲ, ಬಣ್ಣ. ನಾನು ಮಲ್ಲಪ್ಪನ ತಮ್ಮ."

ಅವರ ಕೈಯಲ್ಲಿ ಹತ್ತಿ ಹಾಗೇ ಉಳಿಯಿತು. "ಹೌದು," ಎಂದರು. "ಅಂಗಿಯ ಕುತ್ತಿಗೆ ನೋಡಿದರೆ ಗೊತ್ತಾಗಬೇಕಿತ್ತು."

ಊಟ ಹಾಕಿದರು. ನಾನು ಬಂದ ಕಾರಣ ಹೇಳಹೊರಟಾಗ ಆಳುಗಳ ಲೈನ್ ಮನೆಗಳಿಂದ ಯಾರಿಗೋ ಜ್ವರ ಏರಿದೆಯೆಂದು ಕರೆ ಬಂತು. "ನಾಳೆ ಬೆಳಿಗ್ಗೆ ಅಲ್ಲಿಗೇ ಹೋಗುವ. ಅಲ್ಲೇ ಎಲ್ಲ ಹೇಳ್ತೇನೆ" ಎಂದು ಹೊರಟುಹೋದರು.

ತೋಟ, ಎರಡನೆಯ ದಿನ

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕಲೆಯ ಅಂಗಿಯನ್ನು ಕೈಗೆತ್ತಿಕೊಂಡೆ. ನೋಡಿದವರಿಗೆಲ್ಲ ರಕ್ತವೆಂದು ಕಾಣುವ ಬಟ್ಟೆಯಲ್ಲಿ ಅಣ್ಣನ ಮಣ್ಣಿನ ಮುಂದೆ ಹೇಗೆ ನಿಲ್ಲುವುದು? ಮೇಣಬಟ್ಟೆ ಬಿಚ್ಚಿ ಅವನಿಗೆಂದು ತಂದ ಜೊತೆಯನ್ನೇ ಹಾಕಿಕೊಂಡೆ. ಅಲ್ಲಿ ಬಿಚ್ಚಿ ಹೊದಿಸಿದರಾಯಿತು ಎಂದುಕೊಂಡೆ. ನನ್ನದೊಂದು ಜೊತೆಯನ್ನು ಚೀಲಕ್ಕೆ ಹಾಕಿಕೊಂಡೆ.

ದಾರಿಯಲ್ಲಿ ಆಳುಗಳ ಹಾಜರಿ ನಡೆಯುತ್ತಿತ್ತು. ಹೆಂಗಸರು ಬೆನ್ನಿಗೆ ಬುಟ್ಟಿ ಹಾಕಿಕೊಂಡು ಸಾಲಾಗಿ ನಿಂತು ಗಲಗಲ ಮಾತಾಡುತ್ತಿದ್ದರು. ಮಂಜಿನಿಂದ ನಾವಿಬ್ಬರು ಹೊರಗೆ ಬಂದ ಕೂಡಲೇ ಮಾತು ನಿಂತಿತು. ಹೆಸರು ಕೂಗುತ್ತಿದ್ದ ಕಂಗಾಣಿ, ಅಂದರೆ ಆಳುಗಳ ಮೇಸ್ತ್ರಿ, ಅರ್ಧಕ್ಕೆ ನಿಲ್ಲಿಸಿ ತಲೆಯ ಮುಂಡಾಸು ತೆಗೆದ. ಮುದುಕಿಯೊಬ್ಬಳು ಮುಂದೆ ಬಂದು ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಕಣಕ್ಕಪಿಳ್ಳೆ" ಎಂದಳು. ನಮ್ಮ ಕಡೆ ರೈಟರ್ ಎಂದರೆ ಯಾರೋ, ಅಲ್ಲಿ ಕಣಕ್ಕಪಿಳ್ಳೆ ಎಂದರೆ ಅವನೇ. ಆಮೇಲೆ ನನ್ನ ಮುಖ ನೋಡಿದಳು, ಕೈ ಬಿಟ್ಟಳು. ಸಂಜೀವಣ್ಣ ತಮಿಳಿನಲ್ಲಿ ಏನೋ ಹೇಳಿದರು. ಸಾಲು ಬಿಟ್ಟುಕೊಟ್ಟಿತು.

"ಆರು ವರ್ಷ ದಿನಾ ಇದೇ ಬಟ್ಟೆ ನೋಡಿದ್ದಲ್ವಾ ಮಾರಾಯ್ರೆ" ಎಂದರು ಮುಂದೆ ನಡೆಯುತ್ತ. "ಮುಖ ಯಾರು ನೋಡ್ತಾರೆ ಅಷ್ಟು ದೂರಕ್ಕೆ? ಗುಡ್ಡದ ಮೇಲೆ ಬಿಳಿ ಅಂಗಿ ಕಂಡರೆ ಸಾಕು, ಹರಟೆ ನಿಲ್ಲಿಸಿ ಎಲೆ ಕೀಳ್ತಿದ್ದರು. ಅವ ಬೈದದ್ದೇ ಇಲ್ಲ."

ಅಣ್ಣನ ಮಣ್ಣು ತೋಟದ ಮೇಲಿನ ಅಂಚಿನಲ್ಲಿ ಒಂದು ಸಿಲ್ವರ್ ಓಕ್ ಮರದ ಕೆಳಗಿತ್ತು. ದಿಬ್ಬ ಉದ್ದವಾಗಿರಲಿಲ್ಲ, ಗುಂಡಗಿತ್ತು. ಅದನ್ನು ಕಂಡೇ ಮಲಗಿಸಿಲ್ಲವೆಂದು ತಿಳಿಯಿತು. ಆದರೂ ಕೇಳಿದೆ.

"ಕೂರಿಸಿದ್ದು" ಎಂದರು ಸಂಜೀವಣ್ಣ. "ಜ್ವರದಲ್ಲಿ ಒಂದು ದಿನ ಹೇಳಿದ, ನಮ್ಮನ್ನು ಮಲಗಿಸುದಿಲ್ಲ ಸಂಜೀವಣ್ಣ, ಕೂರಿಸ್ತಾರೆ ಅಂತ. ನಾನು ಜ್ವರದ ಮಾತು ಅಂತ ಮಾಡಿದೆ. ಮಾರನೇ ದಿನ ಅವ ಇಲ್ಲ. ಕಂಗಾಣಿ ಉದ್ದಕ್ಕೆ ಗುಂಡಿ ತೆಗೆಸಿದ್ದ. ನಾನು ಅದರೊಳಗೆ ಇಳಿದು ನಿಂತೆ. ಬಾವಿಯ ಹಾಗೆ ತೆಗೆದರೆ ಮಾತ್ರ ಮೇಲೆ ಬರುದು ಅಂತ ಹಟ ಮಾಡಿದೆ. ಅವರೆಲ್ಲ ನನಗೂ ಜ್ವರ ಅಂತ ಮಾತಾಡಿಕೊಂಡರು. ಮುಖ ಬಡಗು ದಿಕ್ಕಿಗೆ ಮಾಡಿಸಿದ್ದೇನೆ, ನಿಮ್ಮ ಊರು ಆ ಕಡೆ ಅಲ್ವಾ. ಸಂಜೆ ಲೆಕ್ಕ ಕೂಡಿಸುವಾಗ ಕಣ್ಣು ಮುಚ್ಚಿ ಕೂರ್ತಿದ್ದ ನೋಡಿ, ಹಾಗೇ ಇದ್ದ."

ನಾನು ಅವರ ಕೈ ಹಿಡಿದುಕೊಂಡೆ. ಅವ್ವನ ಒಂದು ಪ್ರಶ್ನೆ ಮುಗಿಯಿತು. ಎರಡನೆಯದನ್ನು ಕೇಳುವ ಮೊದಲೇ ಅವರು ಜೇಬಿಗೆ ಕೈ ಹಾಕಿ ಬ್ಯಾಂಡೇಜಿನ ಬಟ್ಟೆಯಲ್ಲಿ ಸುತ್ತಿದ್ದ ಪುಟ್ಟ ಗಂಟನ್ನು ತೆಗೆದರು.

"ಇದು ನಿಮ್ಮ ಮನೆಗೆ ಸೇರಬೇಕಾದ್ದು. ಅವನ ಒಳಜೇಬಿನಲ್ಲಿತ್ತು. ಬೆಳ್ಳಿ ಉಂಟಲ್ಲ, ಯಾರಾದರೂ ಅಗೆದು ತೆಗೆದಾರು ಅಂತ ನಾನೇ ತೆಗೆದಿಟ್ಟೆ. ಇಷ್ಟು ದಿನ ಔಷಧಿ ಬೀರುವಿನಲ್ಲಿ ಬೀಗ ಹಾಕಿ ಕಾದಿದ್ದೇನೆ. ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು."

ಕರಡಿಗೆ ಅಣ್ಣನದೇ. ಒಳಗೆ ಲಿಂಗವಿತ್ತು. ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೆ.

"ಎಂತ, ಏನಾದರೂ ಕಡಿಮೆ ಉಂಟಾ?"

ಸುಳ್ಳು ಹೇಳಬಹುದಿತ್ತು. ಆದರೆ ಅಣ್ಣನಿಗಾಗಿ ಗುಂಡಿಯಲ್ಲಿ ಇಳಿದು ನಿಂತವರು ಅವರು.

"ಇದು ಅವನ ಕೈಯಲ್ಲಿರಬೇಕಿತ್ತು ಸಂಜೀವಣ್ಣ. ಎಡಗೈಯಲ್ಲಿ."

ಅವರು ಒದ್ದೆ ನೆಲದ ಮೇಲೆಯೇ ಕುಳಿತರು. "ಅದೊಂದು ಅವ ನನಗೆ ಹೇಳಲಿಲ್ಲ" ಎಂದರು. ಕೆಳಗಿನ ಇಳಿಜಾರಿನಲ್ಲಿ ಹೆಂಗಸರು ಕೆಲಸಕ್ಕಿಳಿದಿದ್ದರು. ಸಂಜೀವಣ್ಣನೇ ಕೇಳಿದರು, "ಅಗೆಯುದಾ?"

"ಬೇಡ. ಕೂತವನನ್ನು ಎಬ್ಬಿಸುವುದು ಬೇಡ."

ಮುಖ ಬಡಗಿಗಾದರೆ ಎಡಗೈ ಪಡುವಣಕ್ಕೆ. ದಿಬ್ಬದ ಪಡುವಣ ಮಗ್ಗುಲಿಗೆ ಹೋಗಿ ನಿಂತು ಸಂಜೀವಣ್ಣನನ್ನು ಒಂದು ಹಾರೆ ತರಲು ಕಳಿಸಿದೆ. ಅವರು ಬರುವಷ್ಟರಲ್ಲಿ ಮರದ ಹಿಂದೆ ಹೋಗಿ ಬಟ್ಟೆ ಬದಲಾಯಿಸಿದೆ. ಅಣ್ಣನ ಅಂಗಿಯ ಒಳಜೇಬಿಗೆ ಅವನ ಲಿಂಗವನ್ನು ಇಟ್ಟೆ. ಇಮಾಮ್ ಸಾಬಿ ಹೊಲಿದ ಜೇಬು. ಕರಡಿಗೆ ಅಲ್ಲಾಡದೆ ಕೂತಿತು. ಮೇಲೆ ಅವ್ವ ಕೊಟ್ಟ ವಿಭೂತಿ ಇಟ್ಟು, ಅಂಗಿಯನ್ನು ಮಡಿಸಿ, ಪಂಚೆಯಲ್ಲಿ ಬಿಗಿಯಾಗಿ ಸುತ್ತಿದೆ. ಅವ್ವ ಹೇಳಿದ್ದು ಮಣ್ಣಿನ ಮೇಲೆ ಹೊದಿಸಲು. ನಾನು ಮಾಡಹೊರಟದ್ದು ಬೇರೆ. ಸರಿಯೋ ತಪ್ಪೋ ಕೇಳಲು ಅಲ್ಲಿ ಜಂಗಮರಿರಲಿಲ್ಲ.

ಹಾರೆಯಿಂದ ಓರೆಯಾಗಿ ಒಂದು ಕಿರಿದಾದ ಕುಳಿ ತೆಗೆದೆವು. ಹಾರೆ ಇನ್ನು ಬೇಡವೆನಿಸಿದಾಗ ನಾನು ಬೋರಲು ಮಲಗಿ ಕೈಯಿಂದ ತೆಗೆದೆ. ಕೊನೆಗೆ ಗಂಟನ್ನು ಒಳಕ್ಕೆ ತಳ್ಳಿದೆ, ಭುಜ ನೆಲಕ್ಕೆ ತಾಗಿ ಇನ್ನು ಮುಂದೆ ಹೋಗದು ಎನ್ನುವವರೆಗೆ. ಬೆರಳಿಗೆ ತಣ್ಣನೆಯ ಮಣ್ಣು ಮಾತ್ರ ಸಿಕ್ಕಿತು. ಮುಚ್ಚಿದ ಮೇಲೆ ಸಂಜೀವಣ್ಣ ನನ್ನ ತೋಳಿನ ಮಣ್ಣು ಕೊಡವಲು ಬಂದರು. ಬೇಡವೆಂದೆ.

ಶಿರಂಗಾಲ, ಬಂದ ಮೇಲೆ

ಮಣ್ಣಾದ ಆ ಅಂಗಿಯನ್ನು ನಾನು ಒಗೆಯಲಿಲ್ಲ. ಮಡಿಸಿ ಗಂಟಿನಲ್ಲಿಟ್ಟು, ಉಳಿದೊಂದೇ ಜೊತೆಯಲ್ಲಿ ಸಮುದ್ರ ದಾಟಿದೆ, ರೈಲು ಹತ್ತಿದೆ. ರಾತ್ರಿ ಒಗೆದದ್ದು ಬೆಳಿಗ್ಗೆಗೆ ಒಣಗದಿದ್ದರೆ ಹಸಿಯದನ್ನೇ ಹಾಕಿಕೊಂಡೆ. ಗೀಟು ಹಾಕುವುದನ್ನು ಬಿಟ್ಟಿದ್ದೆ. ಫ್ರೇಸರ್‌ಪೇಟೆಯ ಸೇತುವೆ ದಾಟಿದ ಮೇಲೆ ಒಂದು ಮರದ ಮರೆಯಲ್ಲಿ ನಿಂತು ಮಣ್ಣಿನ ಅಂಗಿಯನ್ನು ಹಾಕಿಕೊಂಡು ಊರಿಗೆ ನಡೆದೆ.

ಅವ್ವ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ನನ್ನ ಎದೆಯ ಕಲೆ ಕಂಡು ಮೊರ ಕೆಳಗಿಟ್ಟಳು.

"ಬಣ್ಣ ಅವ್ವ. ನಿನ್ನ ಕೆಂಪು ವಸ್ತ್ರದ್ದು."

ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಕೂರಿಸಿದ್ದು, ಮುಖ ಬಡಗಿಗೆ ಮಾಡಿದ್ದು, ಸಂಜೀವಣ್ಣ ಗುಂಡಿಯಲ್ಲಿ ಇಳಿದು ನಿಂತದ್ದು. ಅಲ್ಲಿಯವರೆಗೆ ಅವಳು ತಲೆಯಾಡಿಸುತ್ತಿದ್ದಳು. ಬೀರುವಿನಲ್ಲಿದ್ದ ಲಿಂಗದ ಮಾತು ಬಂದಾಗ ತಲೆ ನಿಂತಿತು. ನಾನು ನಿಲ್ಲಿಸದೆ ಕೊನೆಯವರೆಗೂ ಹೇಳಿದೆ.

ಅವಳು ನನ್ನ ಬಲಗೈ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ತೋಳಿನ ತುಂಬ ಒಣಗಿದ ಕೆಮ್ಮಣ್ಣು. ಮಣಿಕಟ್ಟಿನಿಂದ ಒಂದು ಬೆರಳು ಇಟ್ಟು ನಿಧಾನವಾಗಿ ಮೇಲಕ್ಕೆ ಸವರುತ್ತ ಹೋದಳು. ಮೊಣಕೈ ದಾಟಿತು. ಭುಜದ ಹೊಲಿಗೆಯ ಹತ್ತಿರ, ಮಣ್ಣು ಮುಗಿದಲ್ಲಿ ಬೆರಳು ನಿಂತಿತು.

"ಇಲ್ಲೀತನಕಾ?"

"ಹೂಂ."

"ಅವನ ಕೈಯೂ ಇಷ್ಟೇ ಉದ್ದ" ಎಂದಳು. "ಸಿಕ್ಕಿರುತ್ತೆ."

ಮೊರ ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಅಡಿಗೆಮನೆಯಲ್ಲಿ ಎರಡು ತಟ್ಟೆ ಇಟ್ಟಿದ್ದಳು. ನನಗೆ ಬಡಿಸಿ, ತನಗೂ ಬಡಿಸಿಕೊಂಡು, ನನ್ನೆದುರು ಉಣ್ಣಲು ಕುಳಿತಳು.